ಬೀಜವಿಲ್ಲದ ಬಾಳೆಯ ಬವಣೆ

ಬಾಳೆಹಣ್ಣನ್ನು ಅಡ್ಡಲಾಗಿ ಕೊಯ್ದು ನೋಡಿ. ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಬೀಜವಾಗಬೇಕಿದ್ದು ಬೀಜವಾಗದೇ ಉಳಿದವು ಅವು. ಕಾಡುಬಾಳೆಯ ಹಣ್ಣಿನಲ್ಲಾದರೋ ತಿರುಳಿಗಿಂತ ಗಟ್ಟಿಯಾದ ಕರಿಬೀಜಗಳದ್ದೇ ಕಾರುಬಾರು. ತೋಟದ ಬಾಳೆಗೇಕೆ ಬೀಜವಿಲ್ಲ? ಉತ್ತರ ಇರುವುದು ಹೂವಿನೊಳಗೆ ನಡೆಯುವ ಒಂದು ಲೆಕ್ಕಾಚಾರದಲ್ಲಿ.

ನಮ್ಮ ಬಾಳೆಯ ಪೂರ್ವಜನಾದ ಕಾಡುಬಾಳೆಯ ಪ್ರತಿ ಜೀವಕೋಶದಲ್ಲೂ 22 ವರ್ಣತಂತುಗಳಿವೆ. ತಾಯಿಯ ಕಡೆಯಿಂದ 11, ತಂದೆಯ ಕಡೆಯಿಂದ 11. ಎಲೆ, ಬೇರು ಬೆಳೆಯುವಾಗ ಕೋಶ ಎರಡಾದರೆ ಎರಡಕ್ಕೂ 22ರ ಪೂರ್ತಿ ಕಟ್ಟು ಸಿಗುತ್ತದೆ. ಪರಾಗ ಮತ್ತು ಅಂಡದಲ್ಲೂ ಹೀಗೆಯೇ ಆದರೆ ಮುಂದಿನ ಪೀಳಿಗೆಗೆ 44, ಅದರ ಮುಂದಿನದಕ್ಕೆ 88! ಆದ್ದರಿಂದ ಲಿಂಗಾಣುಗಳ ತಯಾರಿಯಲ್ಲಿ ನಿಸರ್ಗ ಬೇರೆ ದಾರಿ ಹಿಡಿದಿದೆ. ಬೆಲ್ಜಿಯಂನ ಎಡ್ವರ್ಡ್ ವಾನ್ ಬೆನೆಡೆನ್ 1883ರಲ್ಲಿ ಕುದುರೆಯ ಕರುಳಿನ ಜಂತುಹುಳದಲ್ಲಿ ಇದರ ಸುಳಿವು ಕಂಡ. ಅಂಡ, ವೀರ್ಯಾಣು ಎರಡೂ ಅರ್ಧರ್ಧ ವರ್ಣತಂತುಗಳನ್ನು ತರುತ್ತಿದ್ದವು. ಈ ವಿಭಜನೆಗೆ ‘ಮಿಯೋಸಿಸ್’ ಎಂದು ಹೆಸರು.

ಇದರಲ್ಲಿ ವರ್ಣತಂತುಗಳು ನಕಲಾಗುವುದು ಒಮ್ಮೆ, ಕೋಶ ಒಡೆಯುವುದು ಎರಡು ಬಾರಿ. ಮೊದಲು ತಾಯಿಯ ಕಡೆಯದೂ ತಂದೆಯ ಕಡೆಯದೂ ಜೋಡಿ ಜೋಡಿಯಾಗಿ ಪಕ್ಕಪಕ್ಕ ನಿಲ್ಲುತ್ತವೆ. ಚೂರುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬಳಿಕ ಜೋಡಿಯಲ್ಲಿ ಒಂದು ಆಚೆ, ಒಂದು ಈಚೆ. ಯಾವುದು ಎತ್ತ ಹೋಗುತ್ತದೆಂಬುದು ನಾಣ್ಯ ಚಿಮ್ಮಿದಂತೆ. ಚೂರುಗಳ ವಿನಿಮಯವನ್ನು ಬಿಟ್ಟರೂ 11 ಜೋಡಿಗಳಿಂದ 2,048 ಬಗೆಯ ಲಿಂಗಾಣುಗಳು ಸಾಧ್ಯ. ಒಂದೇ ಗಿಡದ ಬೀಜಗಳು ಒಂದರಂತೆ ಒಂದಿರದ ಗುಟ್ಟು ಇದು.

ಆದರೆ ನಮ್ಮ ಪಚ್ಚಬಾಳೆಯಲ್ಲಿ, ನಂಜನಗೂಡು ರಸಬಾಳೆಯಲ್ಲಿ ಇರುವುದು 33 ವರ್ಣತಂತುಗಳು, ಮೂರು ಕಟ್ಟು. ಇಬ್ಬರ ಊಟದ ಎಲೆಗೆ ಮೂವರು ಕುಳಿತಂತೆ ಜೋಡಿಯ ಲೆಕ್ಕ ತಪ್ಪುತ್ತದೆ. ಒಂದು ಕೋಶಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಹೀಗೆ ಹುಟ್ಟಿದ ಪರಾಗ, ಅಂಡಗಳಲ್ಲಿ ಹೆಚ್ಚಿನವು ನಿಷ್ಪ್ರಯೋಜಕ. ಆದರೂ ಕಾಯಿ ಬಲಿಯುತ್ತದೆ, ಏಕೆಂದರೆ ಈ ತಳಿಗಳಲ್ಲಿ ಹಣ್ಣಾಗಲು ಗರ್ಭಕಟ್ಟುವ ಅಗತ್ಯವೇ ಇಲ್ಲ.

ತಿನ್ನುವವರಿಗೆ ಅನುಕೂಲವಾಯಿತು. ಬೆಳೆಯುವವರಿಗೆ? ಬೀಜವಿಲ್ಲದ್ದರಿಂದ ಬುಡದ ಕಂದು ಕಿತ್ತು ನೆಡಬೇಕು. ಪ್ರಯೋಗಾಲಯದ ಅಂಗಾಂಶ ಸಸಿಯಾದರೂ ಅಷ್ಟೆ, ಅದು ತಾಯಿಯ ಪಡಿಯಚ್ಚು. ತಾಯಿಗೆ ತಡೆಯಲಾಗದ ರೋಗ ಇಡೀ ತೋಟಕ್ಕೂ ತಡೆಯಲಾಗದು. ಮಣ್ಣಿನ ಶಿಲೀಂಧ್ರ ತರುವ ಪನಾಮ ಸೊರಗು ರೋಗಕ್ಕೆ ಮಧ್ಯ ಅಮೆರಿಕದ ‘ಗ್ರೋಸ್ ಮಿಷೆಲ್’ ತೋಟಗಳು ಬಲಿಯಾದವು. 1960ರ ದಶಕದಲ್ಲಿ ರಫ್ತು ವ್ಯಾಪಾರವೇ ಪಚ್ಚಬಾಳೆಯ ಬಳಗಕ್ಕೆ ಬದಲಾಯಿತು. ಈಗ ಅದೇ ಶಿಲೀಂಧ್ರದ ಹೊಸ ರೂಪವೊಂದು ಈ ಬಳಗವನ್ನೂ ಕಾಡುತ್ತಿದೆ. 2019ರಲ್ಲಿ ಕೊಲಂಬಿಯಾದಲ್ಲೂ ಪತ್ತೆಯಾಯಿತು. ನಂಜನಗೂಡಿನ ರಸಬಾಳೆ ಅಪರೂಪವಾದದ್ದರಲ್ಲೂ ಈ ಸೊರಗು ರೋಗದ ಪಾಲು ದೊಡ್ಡದು.

ಹಾಗಾಗಿ ತಳಿತಜ್ಞರು ಮತ್ತೆ ಕಾಡುಬಾಳೆಯ ಬಾಗಿಲು ತಟ್ಟುತ್ತಿದ್ದಾರೆ. ಅದರ ಪರಾಗವನ್ನು ತೋಟದ ಬಾಳೆಯ ಹೂವಿಗೆ ಕೈಯಾರೆ ಸವರಿ, ರಾಶಿ ರಾಶಿ ಗೊನೆಗಳಲ್ಲಿ ಎಲ್ಲೋ ಸಿಗುವ ಒಂದೆರಡು ಬೀಜಗಳಿಗಾಗಿ ಹುಡುಕುತ್ತಾರೆ. ಹಲ್ಲಿಗೆ ಸಿಕ್ಕರೆ ನಾವು ಉಗುಳುವ ಆ ಕರಿಬೀಜದಲ್ಲೇ ಬಾಳೆಯ ನಾಳೆ ಅಡಗಿದೆ.