ಮಂದಿ ಏನಂತಾರ?

ಕುಡಿತ ಬಿಡಬೇಕೆಂದು ನಿಶ್ಚಯಿಸಿದವನು ಎಲ್ಲಿಗೆ ಹೋಗಬೇಕು? ನಮ್ಮ ಕಡೆ ಈ ಪ್ರಶ್ನೆಗೆ ಸಿಗುವ ಉತ್ತರಗಳೆಲ್ಲ ದೂರದವು: ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿನ ನಿಮ್ಹಾನ್ಸ್, ಇಲ್ಲವೇ ಬೇರ್‍ಯಾವುದೋ ಊರಿನಲ್ಲಿ ಔಷಧಿ ಕೊಡುವವರ ಮನೆ. ದೂರ ಹೋಗುವುದಕ್ಕೆ ಚಿಕಿತ್ಸೆಯಷ್ಟೇ ಕಾರಣವಲ್ಲ, ಗುರುತಿನವರ ಕಣ್ಣು ತಪ್ಪಿಸುವುದೂ ಕಾರಣ. ನಮ್ಮ ಭೀಮರಾಯನಗುಡಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ಕ್ವಾರ್ಟರ್ಸುಗಳ ಸುತ್ತ ಬೆಳೆದ ಊರು. ಒಂದೇ ಸಾಲಿನಲ್ಲಿ ಇರುವವರಿಗೆ ಯಾರ ಮನೆಯ ಬಾಗಿಲು ರಾತ್ರಿ ಎಷ್ಟು ಹೊತ್ತಿಗೆ ತೆರೆಯಿತು ಎಂಬುದೂ ಗೊತ್ತಾಗುತ್ತದೆ. ಇಂಥ ಕಡೆ ‘ಮಂದಿ ಏನಂತಾರ’ ಎಂಬ ಅಂಜಿಕೆ ಸುಳ್ಳಲ್ಲ. ಆದರೂ ಕುಡಿತದಿಂದ ಹೊರಬರುವವರ ಸಭೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇರಬೇಕು, ಗುರುತಿನ ಮಂದಿಯ ನಡುವೆಯೇ ಇರಬೇಕು ಎಂಬುದು ನನ್ನ ವಾದ.

ಮೊದಲ ಕಾರಣ ಚಟದ ಸ್ವಭಾವದಲ್ಲೇ ಇದೆ. ದಿನಾ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಮೈ ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಮೊದಲ ಎರಡು-ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಅದಕ್ಕೆ ವೈದ್ಯರೇ ಬೇಕು, ಯಾವ ಸಭೆಯೂ ಸಾಲದು. ಕುಡಿತ ಬಿಡಿಸಲೆಂದು ಊಟದಲ್ಲಿ ಕದ್ದು ಪುಡಿ ಬೆರೆಸುವುದಂತೂ ಕೂಡದು. ಅಂಥ ಕೆಲವು ಮದ್ದಿನ ಮೇಲೆ ಸೆರೆ ಬಿದ್ದರೆ ಪ್ರಾಣವೇ ಹೋಗಬಹುದು. ಆದರೆ ಆಸ್ಪತ್ರೆಯ ದಿನಗಳು ಮುಗಿದು ಮನೆಗೆ ಬಂದ ಮೇಲೆ ಏನು? ಅದೇ ಸಂಜೆ, ಅದೇ ಗೆಳೆಯರು, ಪಗಾರದ ದಿನ, ಹತ್ತಿ ಮಾರಿ ಕಿಸೆಗೆ ದುಡ್ಡು ಬಂದ ದಿನ, ಬಸ್‌ಸ್ಟ್ಯಾಂಡಿನ ಬಳಿಯ ಅದೇ ವೈನ್‌ಶಾಪಿನ ದೀಪ. ಬಾಯಿ ಒಣಗುವುದು ಸಂಜೆ ಏಳಕ್ಕೆ; ಆ ಹೊತ್ತಿಗೆ ಬೆಂಗಳೂರಿನ ಡಾಕ್ಟರು ಸಿಗುವುದಿಲ್ಲ. ಸಿಗಬೇಕಾದವನು ಆ ಬಾಯಾರಿಕೆಯನ್ನು ತಾನೂ ಉಂಡು ದಾಟಿ ಬಂದ ನೆರೆಯವನು.

1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದದ್ದು ಹೀಗೆಯೇ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನು, ಬಿಡಲಾಗದೆ ಒದ್ದಾಡುತ್ತಿದ್ದ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಎದುರು ಕೂತು ತನ್ನ ಕಥೆ ಹೇಳಿಕೊಂಡ. ಬುದ್ಧಿವಾದ ಹೇಳಲಿಲ್ಲ. ಇಂದಿಗೂ ಆ ಸಭೆಗಳಲ್ಲಿ ಸದಸ್ಯತ್ವಕ್ಕೆ ಬೇಕಾದ್ದು ಕುಡಿತ ಬಿಡುವ ಬಯಕೆ ಒಂದೇ. ಶುಲ್ಕವಿಲ್ಲ, ಸದಸ್ಯರೇ ಮನಸ್ಸಿದ್ದಷ್ಟು ಹಾಕಿದ ದುಡ್ಡಿನಲ್ಲಿ ಬಾಡಿಗೆ, ಚಹಾ ನಡೆಯುತ್ತದೆ. ಒಬ್ಬೊಬ್ಬರೇ ಹೆಸರು ಹೇಳಿ, ‘ನಾನೊಬ್ಬ ಕುಡುಕ’ ಎಂದು ಮಾತು ತೆಗೆಯುತ್ತಾರೆ. ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ‘ಜನ್ಮದಲ್ಲಿ ಮುಟ್ಟುವುದಿಲ್ಲ’ ಎಂದು ದೇವರ ಮುಂದೆ ಆಣೆ ಮಾಡಿ ಎಂಟೇ ದಿನಕ್ಕೆ ಮುರಿದವರಿಗೆ, ‘ಇವತ್ತೊಂದು ದಿನ ಬೇಡ’ ಎಂಬ ಅವರ ಲೆಕ್ಕ ಹೊರಲಾಗುವಷ್ಟು ಹಗುರ. ಇದು ಬರೀ ನಂಬಿಕೆಯ ಮಾತಲ್ಲ. 27 ಅಧ್ಯಯನಗಳನ್ನು, 10,565 ಜನರ ಅನುಭವವನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ, ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಈ ದಾರಿ ಬೇರೆ ಮನೋಚಿಕಿತ್ಸೆಗಳಿಗೆ ಸಮ, ಹಲವೆಡೆ ಮೇಲು ಎಂದು ಕಂಡುಕೊಂಡಿತು. ಆ ಅಧ್ಯಯನಗಳು ಬಹುಪಾಲು ಪಶ್ಚಿಮದವು, ನಿಜ. ಆದರೆ ನಮ್ಮಲ್ಲೂ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸಿ, ಅಲ್ಲಿಗೇ ಕೈಬಿಡದೆ ನವಜೀವನ ಸಮಿತಿಗಳನ್ನು ಕಟ್ಟಿದ್ದಾರೆ. ಶಿಬಿರಕ್ಕಿಂತ ಆಮೇಲಿನ ಕೂಟವೇ ಮುಖ್ಯವೆಂಬ ತಿಳಿವಳಿಕೆ ಅದರಲ್ಲಿದೆ.

ಇಂಥ ಸಭೆಗಳಲ್ಲಿ ದೇವರ ಮಾತೂ ಬರುತ್ತದೆ; ಅಂಥ ಕೂಟ ತಮಗೆ ಒಗ್ಗದು ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆ. ಅಂಥವರು ಆಪ್ತಸಲಹೆಯ ಇಲ್ಲವೇ ಆಸ್ಪತ್ರೆಯ ಗುಂಪನ್ನು ಆರಿಸಿಕೊಳ್ಳಲಿ. ಅಂಗಡಿ ಮುಚ್ಚಿಸದೆ ಸಭೆ ಕಟ್ಟಿ ಏನು ಫಲ ಎನ್ನುವವರ ಮಾತಿಗೆ ಇನ್ನೂ ತೂಕವಿದೆ. 2019ರ ಜನವರಿಯಲ್ಲಿ ರಾಯಚೂರು ಕಡೆಯ ಹೆಣ್ಣುಮಕ್ಕಳು ಮದ್ಯನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದದ್ದು ಹೊಟ್ಟೆಯ ಸಂಕಟದಿಂದ. ಆದರೆ 2007ರಲ್ಲಿ ಸರಾಯಿ ನಿಂತಾಗ ಕುಡಿಯುವವರು ಬೇರೆ ಮದ್ಯದ ಪಾಕೀಟಿಗೆ ಹೊರಳಿದ್ದನ್ನೂ ಈ ಸೀಮೆ ಕಂಡಿದೆ. ಅಂಗಡಿಯ ಹೋರಾಟ ನಡೆಯಲಿ. ಇವತ್ತು ಸಂಜೆ ಬಿಡಬೇಕೆಂದಿರುವವನು ಅದು ಗೆಲ್ಲುವವರೆಗೆ ಕಾಯಲಾರ.

ಇನ್ನು ಮಂದಿಯ ಮಾತು. ಯೋಚಿಸಿ ನೋಡಿದರೆ, ಕುಡಿತ ಊರಿಗೆ ಮೊದಲೇ ಗೊತ್ತಿದೆ. ಗಟಾರದ ಬದಿ ಬಿದ್ದವನನ್ನು ಎತ್ತಿ ತಂದವರು ಇದೇ ಮಂದಿ, ಸಾಲ ಕೊಟ್ಟವರೂ ಇವರೇ. ಊರಿಗೆ ಗೊತ್ತಿಲ್ಲದ್ದು ಬಿಡುವ ಪ್ರಯತ್ನ ಮಾತ್ರ. ನಾವು ಬಚ್ಚಿಡುತ್ತಿರುವುದೂ ಅದನ್ನೇ. ಸಭೆಯಲ್ಲಿ ಕೇಳಿದ್ದು ಹೊರಗೆ ಹೋಗಬಾರದು ಎಂಬ ಕಟ್ಟು ಇರಲೇಬೇಕು. ಹೆಂಗಸರಿಗೆ ಈ ಅಂಜಿಕೆ ಇಮ್ಮಡಿ. ಅವರಿಗೆ ಪ್ರತ್ಯೇಕ ಹೊತ್ತು ಬೇಕು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರಲ್ಲಿ ನಾಚಿಕೆಗೆ ಬಲಿಯಾದವರೂ ಇದ್ದಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನೆರವು ಹುಡುಕುವುದನ್ನು ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ವಿಚಾರಿಸುವುದರಿಂದ, 14416ರ ಟೆಲಿ-ಮಾನಸ್‌ಗೆ ಇಲ್ಲವೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡುವುದರಿಂದ ಶುರುಮಾಡಬಹುದು, ಎರಡಕ್ಕೂ ಖರ್ಚಿಲ್ಲ. ಗುಳೆ ಹೋದವರು ಬೆಂಗಳೂರಿನಲ್ಲೇ ಸಭೆಗೆ ಸೇರಿ, ಹಬ್ಬಕ್ಕೆ ಊರಿಗೆ ಬಂದಾಗ ಅದನ್ನು ಕಳೆದುಕೊಳ್ಳುವಂತಾಗಬಾರದು. ಗುಂಪು ಕಟ್ಟಲು ಇಬ್ಬರಿದ್ದರೆ ಸಾಕು ಎನ್ನುತ್ತದೆ ಆಕ್ರನ್‌ನ ಸಂಪ್ರದಾಯ. ಸಂಜೆ ಏಳರಿಂದ ಎಂಟರವರೆಗೆ ಬಾಗಿಲು ತೆರೆದಿರುವ ಒಂದು ಶಾಲಾ ಕೋಣೆ ಸಿಕ್ಕರೆ, ವಾರಕ್ಕೊಮ್ಮೆ ತಪ್ಪದೆ ಬಂದು ಕೂರುವ ಆ ಇಬ್ಬರು ಭೀಮರಾಯನಗುಡಿಯಲ್ಲೇ ಇದ್ದಾರೆ.