ಬಯಲಿನ ವಸಂತಕ್ಕೊಂದು ಆಲ್ಬಮ್

ಚಿಂಚೋಳಿ ಕಾಡಿನಲ್ಲಿ ಮುತ್ತುಗ ಅರಳಿದ ಮೇಲೆ ಕೊಡ್ಲಿ ಕಡೆಯ ಊರುಗಳಿಗೆ ವಸಂತ ಸಿಗುವುದು ಕೆಲವೇ ವಾರ. ತೊಗರಿ ರಾಶಿ ಮುಗಿದಿರುತ್ತದೆ, ಬಿಳಿಜೋಳ ಕಣಕ್ಕೆ ಬಂದಿರುತ್ತದೆ. ಬೇವು ಹೂ ಬಿಡುವ ಹೊತ್ತಿಗೆ ಹಾಸುಗಲ್ಲಿನ ಮಾಳಿಗೆ ಕಾಯತೊಡಗುತ್ತದೆ. ಈ ದಿನಗಳಿಗೆ ಅಬ್ಬರದ ಹಾಡು ಒಗ್ಗದು. ಸಂಜೆ ಗಾಳಿ ತಂಪಾದಾಗ ನಾಲ್ಕೈದು ವಾದ್ಯ, ಒಂದು ತೆರೆದ ದನಿ ಇದ್ದರೆ ಸಾಕು.

ಇಂಗ್ಲಿಷ್ ಹಾಡುಗಳ ಲೋಕದಲ್ಲಿ ಇಂಥದಕ್ಕೆ ಚೇಂಬರ್ ಪಾಪ್ ಎನ್ನುತ್ತಾರೆ. 1966ರಲ್ಲಿ ಬೀಟಲ್ಸ್ ತಂಡ ‘ಎಲಿನಾರ್ ರಿಗ್ಬಿ’ಗೆ ಗಿಟಾರ್, ಡ್ರಮ್ಸ್ ಬಿಟ್ಟು ನಾಲ್ಕು ಪಿಟೀಲು, ಎರಡು ವಯೋಲಾ, ಎರಡು ಚೆಲ್ಲೊ ಇಟ್ಟುಕೊಂಡಿತ್ತು. ಕನ್ನಡದಲ್ಲಿ ಆ ಜಾಗ ಭಾವಗೀತೆಯದು. 1978ರ ‘ನಿತ್ಯೋತ್ಸವ’ ನಮ್ಮ ಸುಗಮ ಸಂಗೀತದ ಮೊದಲ ಧ್ವನಿಸುರುಳಿ. ಕವಿತೆ ನಿಸಾರ್ ಅಹಮದರದು, ಸಂಗೀತ ಮೈಸೂರು ಅನಂತಸ್ವಾಮಿಯವರದು. ಪದ ಮುಂದೆ, ರಾಗ ಅದರ ಹಿಂದೆ ನಡೆಯುವ ಆ ಸಂಯಮಕ್ಕೆ ಇಂದಿಗೂ ಮುಪ್ಪಿಲ್ಲ. ವಸಂತಕ್ಕೆ ಯಾವುದನ್ನು ಕೇಳಲಿ ಎಂದವರಿಗೆ ನಾನು ಮೊದಲು ಹೇಳುವುದು ಅದನ್ನೇ.

ಆದರೆ ಅದರ ಶೀರ್ಷಿಕೆ ಗೀತೆಯ ನೆಲ ಜೋಗ, ತುಂಗೆ, ಸಹ್ಯಾದ್ರಿಗಳದು. ನಿಸಾರ್ ಭೂವಿಜ್ಞಾನದ ಮೇಷ್ಟರು, ಶಿವಮೊಗ್ಗದಲ್ಲಿ ಪಾಠ ಹೇಳಿದವರು. ಆ ಹಸಿರು ಅವರ ಹಾಡಿಗೆ ಬಂದದ್ದು ಸಹಜ. ಕರಿಮಣ್ಣು, ಸುಣ್ಣಕಲ್ಲಿನ ಈ ಸೀಮೆಗೂ ಅಷ್ಟೇ ಜತನದಿಂದ ಮಾಡಿದ ಆಲ್ಬಮ್ ಬೇಕು ಎಂಬುದು ನನ್ನ ಹಂಬಲ.

ಸಾಮಗ್ರಿಗೆ ದೂರ ಹೋಗಬೇಕಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಕಲಬುರಗಿ ಸೀಮೆಯ ಭಜನಿ ಮೇಳಗಳಲ್ಲಿ ಇಂದಿಗೂ ಜೀವಂತ. ಏಕತಾರಿ ಒಂದೇ ಸಮನೆ ಮಿಡಿಯುತ್ತಿರುತ್ತದೆ. ಹಿರಿಯರೊಬ್ಬರು ಸಾಲೊಂದನ್ನು ಎತ್ತಿಕೊಟ್ಟರೆ ಉಳಿದವರು ಅದರ ಕೊನೆಯನ್ನು ಹಿಡಿದು ಎಳೆಯುತ್ತಾರೆ. ದಮ್ಮಡಿ ಮೆಲ್ಲಗೆ ಸೇರಿಕೊಳ್ಳುತ್ತದೆ, ತಾಳ ಬಿರುಸಾಗುತ್ತದೆ, ಪದ ಮುಗಿಯುವಷ್ಟರಲ್ಲಿ ಕೇಳಲು ಕೂತವರೂ ಹಾಡುತ್ತಿರುತ್ತಾರೆ. ಗುಡಿಯ ಪೌಳಿಯೇ ಇವರ ಚೇಂಬರು!

ಹಳೆಯ ಪದ ಹೊಸ ವಾದ್ಯಕ್ಕೆ ಒಗ್ಗೀತೇ ಎಂಬ ಅಳುಕು ಬೇಡ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲೇ ಶಿಶುನಾಳ ಶರೀಫರನ್ನು ಗಿಟಾರಿನ ಜೊತೆ ಹಾಡಿ ಕನ್ನಡ ಬಾರದವರಿಗೂ ಮುಟ್ಟಿಸಿದರು. ಶರೀಫರಿಗೆ ಸಿಕ್ಕ ಆ ಭಾಗ್ಯ ಮಡಿವಾಳಪ್ಪನವರಿಗೂ ಸಿಗಬೇಕು.

ಸೇಡಂ, ವಾಡಿ, ಚಿತ್ತಾಪುರದ ಹುಡುಗ ಹುಡುಗಿಯರು ಯಾರಾದರೂ ಕೈ ಹಾಕುವುದಾದರೆ ಒಂದು ಪಿಟೀಲು, ಒಂದು ಚೆಲ್ಲೊ ಇರಲಿ. ಏಕತಾರಿಯ ಜಾಗಕ್ಕೆ ಕೀಬೋರ್ಡ್ ತರಬೇಡಿ. ದನಿ ಮೇಳದವರದೇ ಆಗಲಿ, ಹೊದಿಕೆಯ ಮೇಲೆ ಅವರ ಹೆಸರು ಮೊದಲು ಬರಲಿ, ಬರುವ ದುಡ್ಡಿನಲ್ಲಿ ಅವರ ಪಾಲು ಮೊದಲು ಸಲ್ಲಲಿ. ಶಿವರಾತ್ರಿ ಜಾಗರಣೆಯ ಭಜನಿಗೇ ಮೈಕು ಹಿಡಿದು ಶುರು ಮಾಡಿದರೆ ಯುಗಾದಿಯ ಹೊತ್ತಿಗೆ ಮೊದಲ ಹಾಡಾದರೂ ಕೈಗೆ ಬಂದೀತು.