3/12 ಅಂದ್ರೆ ಡಿಸೆಂಬರಾ, ಮಾರ್ಚಾ? ವ್ಯಾಪಾರಿಗಳಿಗೆ ಕೈಕೊಡುವ ಕಂಪ್ಯೂಟರ್ ತಾರೀಖು

ಶಿವಮೊಗ್ಗ/ಭದ್ರಾವತಿ: ಗಾಂಧಿ ಬಜಾರ್‌ನ ಯಾವ ಅಂಗಡಿಯಲ್ಲಿ ಕೇಳಿದರೂ 3/12/2025 ಅಂದರೆ ಡಿಸೆಂಬರ್ 3. ಅದನ್ನೇ ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಕೆಲವು ಕಂಪ್ಯೂಟರ್‌ಗಳು ಮಾರ್ಚ್ 12 ಅಂತ ಓದಿಕೊಳ್ಳುತ್ತವೆ. ತಾರೀಖು ಅದಲು ಬದಲಾದರೆ ಜಿಎಸ್‌ಟಿ ಲೆಕ್ಕವೇ ತಲೆಕೆಳಗಾಗುತ್ತದೆ.

ಯಾಕೆ ಹೀಗೆ?

ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಕಂಪ್ಯೂಟರ್‌ನ ರೀಜನ್ ಸೆಟ್ಟಿಂಗ್ 'ಯುನೈಟೆಡ್ ಸ್ಟೇಟ್ಸ್' ಅಂತ ಇದ್ದರೆ ಎಕ್ಸೆಲ್ ಕೂಡ ಅದೇ ಲೆಕ್ಕ ಹಿಡಿಯುತ್ತದೆ. ಪರದೆ ಮೇಲೆ ಮಾತ್ರ 3/12/2025 ಅಂತಲೇ ಕಾಣುತ್ತದೆ. ಹಾಗಾಗಿ ತಪ್ಪು ಗೊತ್ತೇ ಆಗಲ್ಲ.

25/12 ಅಂತ ಹೊಡೆದರೆ ಕಥೆ ಬೇರೆ. 25ನೇ ತಿಂಗಳು ಇಲ್ಲದ ಕಾರಣ ಎಕ್ಸೆಲ್ ಅದನ್ನು ತಾರೀಖು ಅಂತ ಒಪ್ಪದೆ, ಬರೀ ಅಕ್ಷರವಾಗಿ ಎಡಕ್ಕೆ ತಳ್ಳುತ್ತದೆ. ಒಂದೇ ಕಾಲಂನಲ್ಲಿ ಕೆಲವು ತಾರೀಖು ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ ಎಡವಟ್ಟಾಗಿದೆ ಅಂತಲೇ ಅರ್ಥ. ವರ್ಷದಲ್ಲಿ ಹೀಗೆ ಸದ್ದಿಲ್ಲದೆ ಅದಲು ಬದಲಾಗುವ ದಿನಗಳು ಒಟ್ಟು 132.

ಪೆಟ್ಟು ಎಲ್ಲಿ?

ಮೊದಲ ಪೆಟ್ಟು ಲೋಡ್ ಕಳಿಸುವವರಿಗೆ. 180 ದಿನಕ್ಕಿಂತ ಹಳೆಯ ಬಿಲ್‌ಗೆ ಇ-ವೇ ಬಿಲ್ ಸಿಗಲ್ಲ ಅನ್ನೋ ನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಡಿಸೆಂಬರ್ 3ರ ಅಡಿಕೆ ಬಿಲ್ ಮಾರ್ಚ್ 12 ಅಂತ ಹೋದರೆ ಅದು 266 ದಿನ ಹಳೆಯದು. ಲಾರಿ ಮಂಡಿ ಬಿಟ್ಟು ಕದಲುವಂತಿಲ್ಲ.

ಎರಡನೆಯದು ರಿಟರ್ನ್. ಮಾರ್ಚ್ 2025 ಅಂದರೆ ಹಿಂದಿನ ಆರ್ಥಿಕ ವರ್ಷ. ಖರೀದಿದಾರರ ಪುಸ್ತಕಕ್ಕೂ ಪೋರ್ಟಲ್‌ನ ತಾರೀಖಿಗೂ ತಾಳೆಯಾಗದಿದ್ದರೆ, 'ನಮ್ಮ ಇನ್‌ಪುಟ್ ಕ್ರೆಡಿಟ್ ಎಲ್ಲಿ ಸ್ವಾಮಿ?' ಅಂತ ಫೋನ್ ಬರೋದು ಅಂಗಡಿಯವರಿಗೇ.

ಗಂಟೆಯ ಲೆಕ್ಕವೂ ಇದೆ

ಆನ್‌ಲೈನ್ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳ ಸರ್ವರ್ ಸಾಮಾನ್ಯವಾಗಿ ಯುಟಿಸಿ ಅನ್ನೋ ಅಂತರರಾಷ್ಟ್ರೀಯ ಸಮಯ ಇಟ್ಟುಕೊಂಡಿರುತ್ತದೆ. ಅದು ಭಾರತಕ್ಕಿಂತ ಐದೂವರೆ ಗಂಟೆ ಹಿಂದೆ. ಭದ್ರಾವತಿಯ ಹೋಟೆಲ್‌ನಲ್ಲಿ ಏಪ್ರಿಲ್ 1ರ ಬೆಳಗ್ಗೆ 5ಕ್ಕೆ ಹಾಕಿದ ಬಿಲ್, ಅಲ್ಲಿ ಮಾರ್ಚ್ 31ರ ರಾತ್ರಿ 11.30ರದ್ದು. ಸಾಫ್ಟ್‌ವೇರ್ ಸಮಯ ಬದಲಿಸಿಕೊಳ್ಳದಿದ್ದರೆ ಹೊಸ ವರ್ಷದ ಬೋಣಿ ಹಳೇ ವರ್ಷದ ಲೆಕ್ಕಕ್ಕೆ ಸೇರುತ್ತದೆ.

ಮಾಡಬೇಕಾದ್ದೇನು?

* ಕಂಪ್ಯೂಟರ್‌ನ ರೀಜನ್ ಸೆಟ್ಟಿಂಗ್ 'ಇಂಗ್ಲಿಷ್ ಇಂಡಿಯಾ' ಮಾಡಿ. ಹಳೇ ತಪ್ಪು ತಾನಾಗಿ ಸರಿಹೋಗಲ್ಲ, ಆದರೆ 12-03-2025 ಅಂತ ಕಣ್ಣಿಗೆ ಬೀಳುತ್ತದೆ.
* 2025-12-03 ಹೀಗೆ ವರ್ಷ ಮೊದಲು ಹಾಕಿ ಬರೆದರೆ ಯಾವ ಸೆಟ್ಟಿಂಗ್‌ನಲ್ಲೂ ಗೊಂದಲವಿಲ್ಲ.
* ಬಿಲ್ಲಿಂಗ್ ಸಾಫ್ಟ್‌ವೇರ್‌ನವರಿಗೆ ಒಂದೇ ಪ್ರಶ್ನೆ ಕೇಳಿ: 'ತಾರೀಖು ಭಾರತದ ಸಮಯದಲ್ಲೇ ಬೀಳುತ್ತಾ?'
* ತಿಂಗಳ ರಿಟರ್ನ್ ಹಾಕುವವರು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಕಳಿಸುವ ಮುನ್ನ ತಾರೀಖಿನ ಕಾಲಂ ಒಮ್ಮೆ ನೋಡಿ. ಕಳಿಸಿದ ಮೇಲೆ ಗೊತ್ತಾದರೂ, 3ಬಿ ಸಲ್ಲಿಸುವ ಮೊದಲು ಜಿಎಸ್‌ಟಿಆರ್-1ಎ ಮೂಲಕ ತಿದ್ದಲು ಅವಕಾಶವಿದೆ.

ಲೆಕ್ಕ ಬರೆಯುವ ಹುಡುಗರಿಗೆ ಇದನ್ನು ಇವತ್ತೇ ತೋರಿಸಿಕೊಟ್ಟರೆ ಹತ್ತು ನಿಮಿಷದ ಕೆಲಸ. ನೋಟಿಸ್ ಬಂದ ಮೇಲಾದರೆ ಆಡಿಟರ್ ಆಫೀಸಿಗೆ ಓಡಾಟ ತಪ್ಪಲ್ಲ.